ಮಾವ ಮುಟ್ಟಿದ ರಂಗಸ್ಥಳ

ಉಜಿರೆಯಲ್ಲಿ ಕನ್ನಡ ಪಾಠ ಮಾಡುವವಳು ನಾನು. ‘ರಂಗ’ ಎಂದರೇನು ಅಂತ ಮಕ್ಕಳಿಗೆ ಹೇಳುವುದು ಸುಲಭ. ಸಂಸ್ಕೃತದ ಹಳೆಯ ಧಾತುವಿನಿಂದ ಬಂದದ್ದು. ಬಣ್ಣ ಹತ್ತುವುದು, ಕೆಂಪಾಗುವುದು ಅಂತ ಆ ಧಾತುವಿನ ಅರ್ಥ. ಅಲ್ಲಿಂದ ಬಣ್ಣ, ಕುಣಿತ, ಕುಣಿಯುವ ಜಾಗ, ಕೊನೆಗೆ ಯುದ್ಧದ ಕಣ. ಒಮ್ಮೆ ಇದನ್ನೆಲ್ಲ ಮಾವನಿಗೆ ಓದಿ ಹೇಳಿದೆ. ಮಾವ ಎಂದರೆ ಅಮ್ಮನ ಅಣ್ಣ, ಜೀವಮಾನವಿಡೀ ಯಕ್ಷಗಾನ ಮೇಳದಲ್ಲಿ ವೇಷ ಮಾಡಿದವರು. ಮುಖಕ್ಕೆ ಬಣ್ಣ ಹಾಕಿ, ಕುಣಿದುಕೊಂಡು ಹೋಗಿ, ಯುದ್ಧ ಮಾಡುವುದೇ ನಮ್ಮ ಕೆಲಸ, ಇದಕ್ಕೆ ಪುಸ್ತಕ ಬೇರೆ ಬೇಕಾ ಎಂದು ನಕ್ಕರು.

ಅವರ ಲೆಕ್ಕದಲ್ಲಿ ಗದ್ದೆಯಲ್ಲಿ ನಾಲ್ಕು ಕಂಬ ಹುಗಿದು ಮಾವಿನೆಲೆ ಕಟ್ಟಿದರೆ ಮಾತ್ರ ರಂಗಸ್ಥಳ. ಬೆಳಿಗ್ಗೆ ದನ ಮೇಯ್ದ ಜಾಗವೇ. ಕಂಬ ನಿಂತ ಮೇಲೆ ಚಪ್ಪಲಿ ಹಾಕಿ ದಾಟುವ ಹಾಗಿಲ್ಲ. ಬಗ್ಗಿ ನೆಲ ಮುಟ್ಟಿ, ಕಣ್ಣಿಗೊತ್ತಿಕೊಂಡೇ ಒಳಗೆ ಕಾಲಿಡಬೇಕು. ಸಿಮೆಂಟಿನ ಎತ್ತರದ ವೇದಿಕೆ ಕಂಡರೆ ಮಾವನಿಗೆ ಆಗದು. ‘ಅಂಗಡಿ ಜಗಲಿ’ ಎನ್ನುತ್ತಿದ್ದರು.

ಪಾರ್ಶ್ವವಾಯು ಬಡಿದ ಮೇಲೆ ಮಾತು ಮರಳಿತು, ಮೆಲ್ಲ ನಡೆದಾಡಿದರು, ಬಗ್ಗಲು ಮಾತ್ರ ಆಗಲಿಲ್ಲ. ಬಂಟ್ವಾಳದ ಒಂದು ಗದ್ದೆಯಲ್ಲಿ ಮೇಳದವರು ಸನ್ಮಾನಕ್ಕೆ ಕರೆದಾಗ ಕಂಬದ ಹೊರಗೇ ನಿಂತುಬಿಟ್ಟರು. ನಾನು ನೆಲ ಮುಟ್ಟಿ ನಿಮ್ಮ ಕಣ್ಣಿಗೆ ಒತ್ತುತ್ತೇನೆ ಎಂದರೂ ಕೇಳಲಿಲ್ಲ. ಎಂಥ ಹಟ ಮಾರಾಯ್ರೆ! ಶಾಲನ್ನು ಹೊರಗೇ ಹೊದೆಸಿದರು. ಮನೆಗೆ ಬಂದ ಮೇಲೆ ಮಾವ, ಇನ್ನೊಂದು ಸಲ ರಂಗಸ್ಥಳದ ನಡುವೆ ನಿಲ್ಲದೆ ಹೋದರೆ ಈ ಜೀವಕ್ಕೆ ಸಮಾಧಾನ ಇಲ್ಲ ಎಂದು ಅತ್ತರು. ಅಷ್ಟು ವೇಷ ಮಾಡಿದ ಮನುಷ್ಯ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಈಚೆಗೆ ಮೂಡಬಿದಿರೆಯ ಒಂದು ಸಭಾಭವನದಲ್ಲಿ, ಭಾನುವಾರ ಮಧ್ಯಾಹ್ನ, ಯಕ್ಷಗಾನದ ಆಟ, ಅದರಲ್ಲಿ ನನ್ನ ಮಗಳ ಮೊದಲ ವೇಷ. ಜಗಲಿಯ ಮೇಲೆ ಎಂಥ ಆಟ, ಕಾಲು ಜಾರುತ್ತದೆ ಎಂದು ಮಾವ ಗೊಣಗಿದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಅತ್ತೆ ರೇಗಿಸಿಯೇ ಹೊರಡಿಸಿದರು.

ಬೇಗ ತಲಪಿದ್ದೆವು, ಕುರ್ಚಿಗಳೆಲ್ಲ ಖಾಲಿ ಇದ್ದವು. ತಪ್ಪು ಹುಡುಕಲಿಕ್ಕೆಂದೇ ಮಾವ ವೇದಿಕೆಯ ಬುಡದವರೆಗೆ ಹೋದರು. ಅದರ ಅಂಚು ಅವರ ಎದೆಮಟ್ಟಕ್ಕೆ ಬಂತು. ಅಲ್ಲೇ ನಿಂತರು. ಆಮೇಲೆ ಚಪ್ಪಲಿ ಕಳಚಿದರು. ಕೈ ಚಾಚಿ ಆ ನೆಲವನ್ನು ಮುಟ್ಟಿದರು, ಕಣ್ಣಿಗೊತ್ತಿಕೊಂಡರು. ಬಗ್ಗಬೇಕಾಗಲೇ ಇಲ್ಲ. ಮೂಲೆಯಲ್ಲಿ ಚೆಂಡೆ ಬಿಗಿಯುತ್ತಿದ್ದವರು ಕೈ ನಿಲ್ಲಿಸಿ ನೋಡಿದರು.

ಬದಿಯ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಒಬ್ಬರೇ ಹತ್ತಿದರು. ನಾನು ಹಿಂದೆ ಇದ್ದೆ, ಮುಟ್ಟಲು ಹೆದರಿಕೆಯಾಯಿತು. ನಟ್ಟನಡುವೆ ಹೋಗಿ, ಬಿಳಿ ಪಂಚೆಯಲ್ಲಿ, ನೆಟ್ಟಗೆ ನಿಂತರು. ಬಣ್ಣ ಹಚ್ಚದ ಆ ಮುಖ ಕೆಂಪಾಗಿತ್ತು. ಪಾಠದಲ್ಲಿ ನಾನು ಹೇಳುತ್ತಿದ್ದದ್ದನ್ನು ಅವತ್ತು ಕಣ್ಣಾರೆ ಕಂಡೆ.

“ಮಗಳೇ,” ಎಂದರು ನನ್ನತ್ತ ತಿರುಗಿ, ಮೆಲ್ಲಗೆ, “ನನಗೆ ಬಗ್ಗಲಿಕ್ಕಾಗದು ಅಂತ ನೆಲವೇ ಎದ್ದು ಬಂದದ್ದು.”

ಜನ ಬಂದು ಕೂತರು, ಆಟಕ್ಕೆ ಹೊತ್ತಾಯಿತು. ಕೆಳಗಿಳಿಯಿರಿ ಎನ್ನುವ ಧೈರ್ಯ ನಮಗೆ ಯಾರಿಗೂ ಬರಲಿಲ್ಲ.