ಇಂಡಿ ಬಜಾರಿನಲ್ಲಿ ನನ್ನ ಮೈಕ್ ಟೆಸ್ಟ್

ಗೆಳೆಯರೇ, ನಾಳೆ ನಮ್ಮ ಕಾಲೇಜಿನ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ. ಸ್ವಾಗತ ಭಾಷಣ ಫಸ್ಟ್ ಇಯರ್‌ನ ನನಗೇ ಗಂಟುಬಿದ್ದಿದೆ, ಸ್ಟೇಜ್ ನೆನೆದರೇ ಟೆನ್ಷನ್! ಇವತ್ತು ವೈರ್‌ಲೆಸ್ ಮೈಕ್ ಆರಿಸಲು ಇಂಡಿಗೆ ಹೋದೆ.

ಅಂಗಡಿಯ ಕಾಕಾ ಮೈಕ್ ಕೈಗಿಟ್ಟು, “ಮಾತಾಡ್ಕೋತ ದೂರ ಹೋಗವಾ ತಂಗಿ, ಎಲ್ಲಿ ಕಟ್ ಆಗ್ತೈತಿ ನೋಡೂಣು” ಎಂದರು.

ಮೊದಲನೆಯದು ಪಕ್ಕದ ನಿಂಬೆಹಣ್ಣಿನ ಗಾಡಿ ದಾಟುವಷ್ಟರಲ್ಲೇ ಗೊರಗುಟ್ಟಿತು. ಎರಡನೆಯದನ್ನು ಹಿಡಿದು, ಬೇರೇನೂ ತೋಚದೆ, ನಾಳೆಯ ಭಾಷಣವನ್ನೇ ಹೇಳುತ್ತ ಬಸ್‌ಸ್ಟ್ಯಾಂಡಿನ ಕಡೆ ನಡೆದೆ. ಸ್ಪೀಕರ್ ಅಂಗಡಿಯ ಬಾಗಿಲಲ್ಲೇ ಇರುವುದು ಪೂರ್ತಿ ಮರೆತುಹೋಗಿತ್ತು. ಒಮ್ಮೆಯೂ ಮೈಕ್ ಕಟ್ ಆಗಲಿಲ್ಲ, ನಾನೂ ತಡವರಿಸಲಿಲ್ಲ!

ವಾಪಸ್ ಬಂದರೆ ಎದುರಿನ ಚಹಾದಂಗಡಿಯಲ್ಲಿ ಚಪ್ಪಾಳೆ. ಬೆಂಚಿನ ಮೇಲಿದ್ದ ವಯಸ್ಸಾದ ಮುತ್ಯಾ ಒಬ್ಬರು, “ಸ್ವಾಗತ ಭಾರಿ ಆತವಾ. ಹಾರ, ಶಾಲು ಎಲ್ಲಿ ಅದಾವ?” ಎಂದರು.

ಅದೇ ಮೈಕ್ ಫೈನಲ್. ಪಾಪ, ನಾಳೆಯ ಮುಖ್ಯ ಅತಿಥಿಗಳಿಗೆ ಸಿಗುವುದು ಸೆಕೆಂಡ್ ಶೋ!