ಫೋನಿನಲ್ಲಿ ಕೇಳಿಸಿದ ರೊಟ್ಟಿ ಸಪ್ಪಳ

ದಿನಾ ಪೂಜೆ ಮಾಡುವವಳಾದರೂ, ಸತ್ತವರು ಕಾಣಿಸಿಕೊಂಡರು, ದನಿ ಕೇಳಿಸಿತು ಎಂಬ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ. ಪಕ್ಕದ ಮನೆಯ ನೀಲಮ್ಮಕ್ಕ ತೀರಿಹೋದ ಅತ್ತೆಯನ್ನು ಹಿತ್ತಲಲ್ಲಿ ಕಂಡೆ ಎಂದಾಗ, "ಇದ್ದಾಗ ನೀವು ಸಮ ಮಾತಾಡ್ಸಲಿಲ್ಲ, ಅದಕ್ಕ ಬಂದಾರ ತಗೋರಿ ಅಕ್ಕಾ" ಎಂದು ನಕ್ಕಿದ್ದೆ. ಆಕೆ ಎಷ್ಟೋ ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಈಗ ಇದನ್ನು ಓದಿ ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ, ಅಷ್ಟೇ.

ನಮ್ಮದು ಕುಷ್ಟಗಿ. ಯಜಮಾನರದು ಗೊಬ್ಬರದ ಅಂಗಡಿ. ಒಬ್ಬಳೇ ಮಗಳು ಗಿರಿಜಾ ಕೃಷಿ ಓದಿ, ಕೊಪ್ಪಳದಲ್ಲಿ ತರಕಾರಿ ಬೀಜ ಮಾಡುವ ಒಂದು ಕಂಪನಿ ಸೇರಿದ್ದಳು. ಟೊಮ್ಯಾಟೊ, ಮೆಣಸಿನ ಹೂಗಳ ಪರಾಗವನ್ನು ಕೈಯಿಂದ ಒಂದಕ್ಕೊಂದು ಮುಟ್ಟಿಸುವ ಹೆಂಗಸರ ಕೆಲಸ ನೋಡಿಕೊಳ್ಳುವುದು ಅವಳ ಪಾಲಿಗಿತ್ತು. ಆ ಕಂಪನಿಯವರದೇ ಹೊಲಗಳು ಗ್ವಾಟೆಮಾಲಾ ಎಂಬ ದೇಶದಲ್ಲೂ ಇವೆಯಂತೆ. ಅಲ್ಲಿಯ ಕೆಲಸಕ್ಕೆ ಹೋಗಬೇಕೆಂದರೆ ಮೊದಲು ಸ್ಪ್ಯಾನಿಷ್ ಕಲಿಯಬೇಕು. ಅಲ್ಲಿಗೇ ಹೋಗಿ, ಯಾರದಾದರೂ ಮನೆಯಲ್ಲಿ ಮನೆಯವರಂತೆ ಇದ್ದು, ಭಾಷೆಯ ಶಾಲೆಗೆ ಹೋಗಿಬಂದರೆ ಬೇಗ ಬರುತ್ತದೆ ಎಂದು ಗಿರಿಜಾ ಹಟ ಹಿಡಿದಳು. ಅವಳಿಗೆ ಇಷ್ಟು ದೊಡ್ಡ ಕೆಲಸ ಇನ್ನೊಮ್ಮೆ ಬರುತ್ತಿರಲಿಲ್ಲ. ಯಜಮಾನರು ಜಾಣರು. "ನಿಮ್ಮವ್ವ ಹೂಂ ಅಂದ್ರ ಹೋಗು, ಇಲ್ಲಂದ್ರ ಇಲ್ಲ" ಎಂದು ಭಾರವನ್ನೆಲ್ಲ ನನ್ನ ತಲೆಗೆ ಹಾಕಿ ಅಂಗಡಿಗೆ ಹೋದರು.

ನನಗೆ ಶಾಲೆಯ ವಿಷಯ ತಿಳಿಯದು. ಎರಡು ಶಾಲೆಗಳನ್ನು ಅವಳೇ ಆರಿಸಿದ್ದಳು. ಒಂದು ಪಟ್ಟಣದ್ದು, ದೊಡ್ಡದು. ಇನ್ನೊಂದು ಗುಡ್ಡದ ಊರಿನ ಸಣ್ಣ ಶಾಲೆ, ಅಲ್ಲಿ ಒಬ್ಬರಿಗೆ ಒಬ್ಬರೇ ಕಲಿಸುತ್ತಾರಂತೆ. ಎರಡಕ್ಕೂ ಒಂದೊಂದು ಮನೆ ಗೊತ್ತಾಗಿತ್ತು. "ಶಾಲೆ ನೀ ನೋಡು, ಮನಿ ನಾ ನೋಡ್ತೀನಿ" ಎಂದೆ.

ನಮ್ಮ ಕಡೆ ಮಗಳನ್ನು ಕೊಡುವ ಮೊದಲು ಮನೆ ನೋಡಲು ಹೋಗುವುದುಂಟು. ಗಂಡಸರು ಪಡಸಾಲೆಯಲ್ಲಿ ಕೂತು ಹೊಲ, ಬಾವಿ ಎಂದು ವಿಚಾರಿಸುತ್ತಿದ್ದರೆ, ಹೆಂಗಸರು ನೀರು ಕುಡಿಯುವ ನೆಪ ಮಾಡಿ ಅಡುಗೆಮನೆಗೆ ಹೋಗುತ್ತಾರೆ. ಒಲೆ, ಕೊಡ, ಹಿಟ್ಟಿನ ಡಬ್ಬಿ ನೋಡಿದರೆ ಹುಡುಗಿ ಆ ಮನೆಯಲ್ಲಿ ಹೇಗಿರುತ್ತಾಳೆಂದು ಗೊತ್ತಾಗುತ್ತದೆ. ನಾನು ವೀಡಿಯೊ ಫೋನಿನಲ್ಲಿ ಅದನ್ನೇ ಮಾಡಿದೆ. ಅಡುಗೆಮನೆ ತೋರಿಸಲು ಹೇಳು, ನೀರೆಲ್ಲಿ ಇಡುತ್ತಾರೆ ಕೇಳು ಎಂದು ಗಿರಿಜಾಗೆ ಹೇಳಿದೆ.

"ಏನವ್ವಾ, ನನ್ನ ಲಗ್ನ ಮಾಡಾಕ ಹೊಂಟಿಯೇನು? ನಾ ಕಲಿಯಾಕ ಹೊಂಟೀನಿ" ಎಂದು ಗಿರಿಜಾ ತಲೆ ಚಚ್ಚಿಕೊಂಡಳು.

ಮಂಚದ ಮೇಲಿದ್ದ ಯಜಮಾನರು, "ವರ ಎಲ್ಲದಾನ ಅಂತನೂ ಕೇಳು, ಒಮ್ಮೆಗೇ ಮುಗಿಸಿಬಿಡೂಣು" ಎಂದರು.

ಪಟ್ಟಣದ ಮನೆಯಲ್ಲಿ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಗಿರಿಜಾಗೂ ಅದೇ ಬೇಕಿತ್ತು. ನನ್ನ ಮನಸ್ಸು ಮಾತ್ರ ಹೂಂ ಎನ್ನಲಿಲ್ಲ. ನಿಜ ಹೇಳಬೇಕೆಂದರೆ ಎರಡೂ ಬೇಡ ಎಂದುಬಿಡುವುದೆಂದೇ ನಾನಿದ್ದೆ.

ಎರಡನೆಯ ಮನೆಗೆ ಮಾರನೆಯ ಸಂಜೆ ಫೋನು ಮಾಡಿದೆವು. ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ಅಲ್ಲಿ ಬೆಳಗು. ಮನೆಯಾಕೆ ನನ್ನ ವಯಸ್ಸಿನವಳು, ಗಂಡನಿಲ್ಲ, ಒಬ್ಬಳೇ ಇರುವಾಕೆ. ಅರೆಬರೆ ಇಂಗ್ಲಿಷಿನಲ್ಲಿ ಮಾತಾಡುತ್ತ ಅಡುಗೆಮನೆಗೆ ನಡೆದಳು. ಗ್ಯಾಸಿನ ಒಲೆ, ಕಿಟಕಿಯಲ್ಲೊಂದು ಸಸಿ, ಖಾಲಿ ಮೇಜು. ಆಗ ನನಗೆ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.

ಧಪ್, ಧಪ್, ಆಮೇಲೆ ಸಣ್ಣಗೆ ಟಪ್.

ರೊಟ್ಟಿ ಬಡಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಓಣಿಯಲ್ಲಿ ನಡೆಯುತ್ತಿದ್ದರೆ ಯಾವ ಮನೆಯಲ್ಲಿ ಅತ್ತೆ ಕೂತಿದ್ದಾಳೆ, ಎಲ್ಲಿ ಸೊಸೆ ಕೂತಿದ್ದಾಳೆ ಎಂದು ಸಪ್ಪಳದಲ್ಲೇ ಗೊತ್ತಾಗುತ್ತದೆ. ತಾವರಗೇರಾದ ನಮ್ಮವ್ವನಿಗೆ ಮೇವು ಕತ್ತರಿಸುವಾಗ ಪೆಟ್ಟಾಗಿ ಬಲಗೈಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಎರಡು ಸಲ ಅಂಗೈ ಬಡಿದು, ಮೂರನೆಯ ಸಲ ಕೈಯನ್ನು ಓರೆ ಮಾಡಿ ರೊಟ್ಟಿಯ ಅಂಚು ತಟ್ಟುತ್ತಿದ್ದಳು. ಸಣ್ಣವಳಿದ್ದಾಗ ಆ ಸಪ್ಪಳಕ್ಕೇ ನನಗೆ ಎಚ್ಚರವಾಗುತ್ತಿತ್ತು. ಗಿರಿಜಾ ಹುಟ್ಟುವ ಮೊದಲೇ ಅವ್ವ ತೀರಿಕೊಂಡಿದ್ದಳು.

"ಅಲ್ಲಿ ಯಾರು ರೊಟ್ಟಿ ಮಾಡಾಕತ್ಯಾರ?" ಎಂದೆ.

ಗಿರಿಜಾ ನನ್ನ ಮುಖ ನೋಡಿದಳು. "ಯಾರೂ ಇಲ್ಲವ್ವಾ. ಎಲ್ಲೈತಿ ರೊಟ್ಟಿ?"

ಯಜಮಾನರಿಗೂ ಕೇಳಿಸಿರಲಿಲ್ಲ. ನಾನು ಎದ್ದು ಹೊರಗೆ ಹೋಗಿ ನೋಡಿದೆ. ನೀಲಮ್ಮಕ್ಕನ ಮನೆಗೆ ಬೀಗ, ಅವರೆಲ್ಲ ಯಲಬುರ್ಗಾಕ್ಕೆ ಮದುವೆಗೆ ಹೋಗಿದ್ದರು. ನಮ್ಮ ಮನೆಯಲ್ಲಿ ಬೆಳಿಗ್ಗೆಯೇ ರೊಟ್ಟಿ ಮುಗಿದಿತ್ತು. ಹೊರಗೆ ಏನೂ ಕೇಳಲಿಲ್ಲ. ಒಳಗೆ ಬಂದು ಫೋನಿನ ಹತ್ತಿರ ಕೂತರೆ ಮತ್ತೆ ಅದೇ. ಆ ಮನೆಯಾಕೆ ಅಡುಗೆಮನೆ ಬಿಟ್ಟು ಹೊರಬಂದಾಗ ನಿಂತಿತು.

ಭಯವಾಗಲಿಲ್ಲ. ಹಸಿದು ಶಾಲೆಯಿಂದ ಮನೆಗೆ ಬಂದ ಹುಡುಗಿಯಂತೆ ಹೊಟ್ಟೆಯಲ್ಲಿ ಏನೋ ತಣ್ಣಗಾಯಿತು. "ಈ ಮನಿ ಇರಲಿ" ಎಂದೆ. ಗಿರಿಜಾಗೆ ಪಟ್ಟಣ ತಪ್ಪಿತೆಂದು ಸ್ವಲ್ಪ ಬೇಸರ. ನಾನು ಹೂಂ ಎಂದದ್ದೇ ದೊಡ್ಡದೆಂದು ಒಪ್ಪಿಕೊಂಡಳು. ಕಾರಣ ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಯಜಮಾನರು ನಗುವುದು ಒಂದು ಕಡೆ, ನೀಲಮ್ಮಕ್ಕ ಬಿಡುತ್ತಿದ್ದಳೇ?

ಮಗಳು ಹೋದಳು. ಸುಖವಾಗಿ ಮುಟ್ಟಿದಳು, ಅದೊಂದು. ಆ ಮನೆಯಾಕೆ ಇವಳಿಗೆಂದು ಬೇರೆ ಪಾತ್ರೆ ತೆಗೆದಿಟ್ಟು ಬೇಳೆ, ಸೊಪ್ಪು ಬೇಯಿಸಿಕೊಟ್ಟಳು, ಅದೊಂದು. ಒಂದೊಂದಕ್ಕೂ ದೇವರಿಗೆ ಕೈಮುಗಿದೆ. ನಡುವೆ ಒಂದು ದಿನ ಗಿರಿಜಾ, ಇಲ್ಲಿಯವರೂ ಗೋವಿನಜೋಳದ ರೊಟ್ಟಿ ತಿನ್ನುತ್ತಾರೆ ಎಂದಾಗ ನನಗೆ ಸಮಾಧಾನವಾಯಿತು. ಅಂದು ಕೇಳಿದ್ದು ಆ ರೊಟ್ಟಿಯ ಸಪ್ಪಳವೇ ಇರಬೇಕು, ನಾನೇ ಅವ್ವನದೆಂದು ತಿಳಿದೆ ಎಂದುಕೊಂಡೆ. ಸಪ್ಪಳ ಕೇಳಿಸು ಎಂದೆ. ಅವಳು ಸಂತೆಯಲ್ಲಿ ಫೋನು ಹಿಡಿದಳು. ಆ ಹೆಂಗಸರು ಹಲಗೆಯ ಮೇಲೆ ಬಡಿಯುವುದೇ ಇಲ್ಲ, ಎರಡು ಅಂಗೈಗಳ ನಡುವೆ ಚಪ್ಪಾಳೆ ತಟ್ಟಿದಂತೆ ತಟ್ಟುತ್ತಾರೆ. ಅದು ಬೇರೆಯೇ ಸಪ್ಪಳ. ಅಲ್ಲದೆ ಮನೆಯಾಕೆ ರೊಟ್ಟಿಯನ್ನು ಅಂಗಡಿಯಿಂದ ತರುತ್ತಿದ್ದಳಂತೆ.

ಗಿರಿಜಾ ಭಾಷೆ ಕಲಿತು ಊರಿಗೆ ಬಂದ ಮರುದಿನ, ನಾನು ರೊಟ್ಟಿ ಬಡಿಯುತ್ತಿದ್ದೆ. ಅವಳು ಒಲೆಯ ಹತ್ತಿರ ಬಂದು ಕೂತಳು.

"ಅವ್ವಾ, ನಾ ಹೊರಡೋ ದಿನ ಆ ಮನಿಯಾಕಿ ಒಂದು ಮಾತು ಕೇಳಿದ್ಲು. ಮೊದಲ್ನೇ ದಿನ ಫೋನ್ ಮಾಡಿದಾಗ ನಿಮ್ಮ ಮನ್ಯಾಗ ಕೂತು ಯಾರು ಏನು ಬಡಿತಿದ್ರು ಅಂತ. ಇನ್ಮ್ಯಾಲ ಯಾರನ್ನೂ ಮನ್ಯಾಗ ಇಟ್ಕೊಳ್ಳೂದು ಬ್ಯಾಡ ಅಂತಿದ್ಲಂತ ಆಕಿ. ಆ ಸಪ್ಪಳ ಕೇಳಿ, ಇರಲಿ ಬರಲಿ ಅನಿಸ್ತಂತ."

"ಎಂಥ ಸಪ್ಪಳ?" ಎಂದೆ.

"ಹಿಂಗಂತ" ಎಂದು ಗಿರಿಜಾ ನನ್ನ ಹಲಗೆಯ ಮೇಲೆ ಕೈಯಿಂದ ಬಡಿದಳು. ಎರಡು ಜೋರು, ಮೂರನೆಯದು ಓರೆಯಾಗಿ ಸಣ್ಣದು. "ನಮ್ಮವ್ವನೇ ರೊಟ್ಟಿ ಮಾಡ್ತಿರಬೇಕು ಅಂದೆ. ಹೌದಲ್ಲ?"

ನಾನು ನನ್ನ ತಾಯಿಯ ಕೈಯ ವಿಷಯ ಅವಳಿಗೆ ಎಂದೂ ಹೇಳಿರಲಿಲ್ಲ. ಆ ಸಂಜೆ ನಾನು ಬರಿಗೈಯಲ್ಲಿ ಅವಳ ಪಕ್ಕದಲ್ಲೇ ಕೂತು, ಯಾರು ರೊಟ್ಟಿ ಮಾಡುತ್ತಿದ್ದಾರೆಂದು ಕೇಳಿದ್ದೆ, ಅದೆಲ್ಲ ಅವಳಿಗೆ ಮರೆತುಹೋಗಿತ್ತು. "ಹೂಂ" ಎಂದು ಹೆಂಚಿನ ಮೇಲಿನ ರೊಟ್ಟಿ ತಿರುವಿದೆ.

ಏಳೆಂಟು ವರ್ಷವಾಯಿತು. ನನಗೆ ಆ ಮನೆಯಾಕೆಯ ಅಡುಗೆಮನೆಯಿಂದ ಕೇಳಿದ್ದು ಆಕೆಗೆ ನಮ್ಮ ಮನೆಯಿಂದ ಕೇಳಿತ್ತು. ಹಾಗಾದರೆ ಯಾರು, ಎಲ್ಲಿ ಕೂತು ಬಡಿಯುತ್ತಿದ್ದರು? ನನಗೆ ಇಂದಿಗೂ ತಿಳಿದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಎರಡು ಬೆರಳು ಮಡಚಿಕೊಂಡು ಬಡಿದು ನೋಡಿದ್ದೇನೆ. ರೊಟ್ಟಿ ಹರಿಯುತ್ತದೆ, ಆ ಸಪ್ಪಳ ನನ್ನ ಕೈಗೆ ಬರುವುದಿಲ್ಲ.