ಮುದ್ದೆ ಅಗಿದವಳು

ಜರ್ಮನಿಯ ಟ್ಯೂಬಿಂಗನ್‌ಗೆ ಬಂದ ಹೊಸದರಲ್ಲಿ ಒಂದು ಸಂಜೆ ಲ್ಯಾಬಿನಿಂದ ಬಂದರೆ, ನನ್ನ ಬಾಡಿಗೆ ಕೋಣೆಯ ಬಾಗಿಲಿಗೆ ಯಾರೋ ಮರದ ಹಲಗೆ ನೇತುಹಾಕಿದ್ದರು. ನಮ್ಮ ಕಡೂರಲ್ಲಿ ಬಾಗಿಲಿಗೆ ಬೋರ್ಡು ಬಿತ್ತೆಂದರೆ ‘ಮನೆ ಬಾಡಿಗೆಗೆ ಇದೆ’ ಎಂದೇ ಅರ್ಥ. ಒಳಗೆ ನಾನಿನ್ನೂ ಇರುವಾಗಲೇ ಹೀಗೆ ಮಾಡಿದರಲ್ಲ ಎಂದು ಕೆಳಗೆ ಓಡಿದೆ. ಜರ್ಮನ್ ಭಾಷೆಯಲ್ಲಿ ನನಗೆ ಬರುತ್ತಿದ್ದುದು ನಮಸ್ಕಾರ ಹೇಳುವುದು, ಬ್ರೆಡ್ಡು ಕೇಳುವುದು, ಅಷ್ಟೇ.

ಕೆಳಮನೆಯ ಫ್ರೌ ಕೆಲ್ಲರ್ ಮುರುಕು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಫ್ರೌ ಎಂದರೆ ನಮ್ಮ ‘ಅಮ್ನೋರು’ ಇದ್ದಂತೆ. ಹಲಗೆಯ ಹೆಸರು ‘ಕೇರ್‌ವೋಖೆ’, ಗುಡಿಸುವ ವಾರ. ಅದು ಯಾರ ಬಾಗಿಲಿಗೆ ಬರುತ್ತದೋ ಆ ವಾರ ಮೆಟ್ಟಿಲು ಶುಚಿ ಮಾಡುವ ಸರದಿ ಅವರದು. ಇಷ್ಟೇ ತಾನೇ! ಕಡೂರು ಪಕ್ಕದ ಹಿರೇನಲ್ಲೂರಿನ ಹುಡುಗಿಗೆ ಮೆಟ್ಟಿಲು ತೊಳೆಯುವುದನ್ನು ಯಾರು ಹೇಳಿಕೊಡಬೇಕು? ಶನಿವಾರ ಪ್ಯಾಂಟು ಮಡಿಚಿಕೊಂಡು ಮೇಲಿನಿಂದ ಬಕೆಟ್‌ಗಟ್ಟಲೆ ನೀರು ಸುರಿದೆ. ಮೆಟ್ಟಿಲು ಮರದ್ದು. ನೀರು ಸಂದುಗಳಲ್ಲಿ ಇಳಿದು ಫ್ರೌ ಕೆಲ್ಲರ್ ಅವರ ಜಮಖಾನದ ಮೇಲೆ ತೊಟ್ಟಿಕ್ಕಿತು. ಅವರು ಬೈಯಲಿಲ್ಲ. ಬಟ್ಟೆ ಹಿಂಡಿ, ಒಂದೊಂದೇ ಮೆಟ್ಟಿಲು ಒರೆಸಿ ತೋರಿಸಿ, “ಎಲ್ಲದಕ್ಕೂ ಸೇರಿ ಅರ್ಧ ಬಕೆಟ್ ಸಾಕು” ಎಂದರು. ಬೈದಿದ್ದರೇ ವಾಸಿಯಿತ್ತು.

ಹೊರಡುವ ದಿನ ಕಡೂರು ಸ್ಟೇಷನ್ನಿನಲ್ಲಿ ಅವ್ವ ನನ್ನಿಂದ ಒಂದೇ ಒಂದು ಮಾತು ತೆಗೆದುಕೊಂಡಿದ್ದಳು. “ಎಷ್ಟ್ ಬೇಕಾದ್ರೂ ಓದು. ಆದ್ರೆ ಹೋದಂಗೇ ಬರ್ಬೇಕು ಕಣೇ.”

“ಹಂಗೇ ಬತ್ತೀನಿ ಕಣವ್ವ,” ಅಂದಿದ್ದೆ. ರೈಲು ಹತ್ತುವಾಗ ಅದೇನು ಕಷ್ಟದ ಮಾತು ಅನಿಸಿರಲಿಲ್ಲ.

ನನ್ನ ಕೆಲಸ ಬ್ಯಾಕ್ಟೀರಿಯಾಗಳ ಜೊತೆ. ನೇರಳಾತೀತ ಬೆಳಕು ಬಿಟ್ಟು ಅವುಗಳ ಡಿಎನ್‌ಎಗೆ, ಅಂದರೆ ಜೀವದ ಬರಹಕ್ಕೆ, ಪೆಟ್ಟು ಕೊಟ್ಟು, ಆಮೇಲೆ ಅವು ಏನು ಮಾಡುತ್ತವೆಂದು ನೋಡುತ್ತೇವೆ. ಪೆಟ್ಟು ತಿಂದ ಜೀವಕೋಶ ಎರಡಾಗಿ ಒಡೆಯುವುದನ್ನು ನಿಲ್ಲಿಸಿ, ಶಾವಿಗೆ ಎಳೆಯ ಹಾಗೆ ಉದ್ದಕ್ಕೆ ಬೆಳೆಯುತ್ತದೆ. ಮೊದಲ ಸಲ ನೋಡಿದಾಗ ಸತ್ತವೆಂದುಕೊಂಡು ಎಸೆಯಲು ಹೋಗಿದ್ದೆ. ಸತ್ತಿರಲಿಲ್ಲ, ರಿಪೇರಿಯಲ್ಲಿದ್ದವು. ಮುಳುಗುವ ಹಡಗು ಕಳಿಸುವ ಕರೆಯ ಹೆಸರಿನಲ್ಲಿ ಇದನ್ನು ಎಸ್‌ಒಎಸ್ ಪ್ರತಿಕ್ರಿಯೆ ಎನ್ನುತ್ತಾರೆ. ಮೊದಲು ಜಾಗರೂಕತೆಯ ಕಿಣ್ವಗಳು ತಿದ್ದಲು ಬರುತ್ತವೆ. ಅವುಗಳ ಕೈಲಾಗದಿದ್ದರೆ ಅವಸರದವು ಬಂದು, ಸರಿಯೋ ತಪ್ಪೋ ಯಾವುದೋ ಒಂದು ಅಕ್ಷರ ಬರೆದು ಕೆಲಸ ಮುಗಿಸುತ್ತವೆ. ಹಾಗೆ ಉಳಿದ ತಪ್ಪೇ ಮ್ಯುಟೇಶನ್. ಕೆಲವೊಮ್ಮೆ ಡಿಎನ್‌ಎ ಎಳೆಯೇ ತುಂಡಾಗಿರುತ್ತದೆ. ಬಾವಿಹಗ್ಗ ಹರಿದರೆ ನಾರೆದ್ದ ತುದಿ ಕತ್ತರಿಸಿ ಗಂಟು ಹಾಕುವುದಿಲ್ಲವೇ, ಹಾಗೆ ಕೂಡಿಸುವಾಗ ನಡುವಿನ ಒಂದಿಷ್ಟು ಬರಹ ಬಿಟ್ಟೇ ಹೋಗುತ್ತದೆ. ಅದು ಡಿಲೀಷನ್. ಬ್ಯಾಕ್ಟೀರಿಯಾ ಬದುಕಿಕೊಳ್ಳುತ್ತದೆ. ಏನು ಬಿಟ್ಟುಹೋಯಿತೆಂದು ಅದಕ್ಕೆ ತಿಳಿಯುವುದಿಲ್ಲ.

ಮೊದಲ ಚಳಿಗಾಲ ನಾನೂ ಬದುಕಿಕೊಂಡೆ. ನಮ್ಮೂರ ಕಡೆಯ ಪಂಚನಹಳ್ಳಿ ಬಸ್ಸಿನಲ್ಲಿ ಕೂತರೆ ಪಕ್ಕದವರು ಊರು, ಜಾತಿ, ಮದುವೆ ಎಲ್ಲ ವಿಚಾರಿಸಿ ಮುಗಿಸುತ್ತಾರೆ. ಇಲ್ಲಿ ಬಸ್ಸಿನಲ್ಲಿ ಜೋರಾಗಿ ಕೆಮ್ಮಿದರೂ ತಪ್ಪು ಮಾಡಿದ ಹಾಗೆ. ತಂದಿದ್ದ ರಾಗಿಹಿಟ್ಟು ಮುಗಿದ ಮೇಲೆ ಗಟ್ಟಿ ಕಪ್ಪು ಬ್ರೆಡ್ಡೇ ಗತಿ. ಮೊದಮೊದಲು ದವಡೆ ನೋಯುತ್ತಿತ್ತು. ಆಮೇಲೆ ಅಗಿದಷ್ಟೂ ರುಚಿ ಹತ್ತಿತು. ಎರಡನೇ ಚಳಿಗಾಲದಲ್ಲಿ ಫ್ರೌ ಕೆಲ್ಲರ್, “ಈ ಮೆಟ್ಟಿಲು ನೋಡಿದರೆ ನೀನು ಇಲ್ಲಿಯವಳೇ” ಎಂದರು. ಹಿಗ್ಗಿ ಹೀರೇಕಾಯಿಯಾಗಿ ಅವ್ವನಿಗೆ ಫೋನ್ ಮಾಡಿದೆ. ಅವಳು ಹಿಗ್ಗಲಿಲ್ಲ.

ಹೋದ ತಿಂಗಳು ಊರಿಗೆ ಹೋಗಿದ್ದೆ. ಅವ್ವ ಮುದ್ದೆ, ಹುರುಳಿ ಬಸ್ಸಾರು ಬಡಿಸಿ ಎದುರು ಕೂತಳು. ಎರಡು ತುತ್ತು ಹೋಗುವಷ್ಟರಲ್ಲಿ ಅವಳ ಮುಖ ಬದಲಾಯಿತು.

“ಏನೇ ಅದು, ಮುದ್ದೆ ಅಗೀತಿದೀಯಾ?”

ಬಾಯಿ ಅಲ್ಲಿಗೇ ನಿಂತಿತು. ನಮ್ಮ ಕಡೆ ಮುದ್ದೆ ಅಗಿಯುವವರು ಹೊರಗಿನವರು. ಸಾರಿನಲ್ಲಿ ಅದ್ದಿ ನುಂಗುವುದು ನನಗೆ ನಡೆಯುವುದರ ಜೊತೆಗೇ ಬಂದ ವಿದ್ಯೆ. ಅದು ಯಾವಾಗ ಬಿಟ್ಟುಹೋಯಿತೋ ನನಗೆ ಗೊತ್ತೇ ಆಗಿರಲಿಲ್ಲ.

“ಹೋದಂಗೇ ಬತ್ತೀನಿ ಅಂದಿದ್ದೆ,” ಎನ್ನುವಾಗ ಅಳು ಬಂತು. ತಟ್ಟೆ ಮುಂದೆ ಕೂತೇ ಅವಳಿಗೆ ನನ್ನ ಬ್ಯಾಕ್ಟೀರಿಯಾಗಳ ಕಥೆ ಹೇಳಿದೆ.

“ಆಮೇಲಾದ್ರೂ ಅದು ಮೊದ್ಲಿನಂಗೆ ಆಗಲ್ವಾ?”

“ಇಲ್ಲ ಕಣವ್ವ. ಬಿಟ್ಟೋಗಿದ್ದು ವಾಪಸ್ ಬರಲ್ಲ.”

ಅವ್ವ ನನ್ನ ತಟ್ಟೆಯನ್ನು ತನ್ನತ್ತ ಎಳೆದುಕೊಂಡಳು. “ಸಾಯೋದಾದ್ರೂ ತಪ್ತಲ್ಲ, ಬಿಡು,” ಅಂದಳು. ಆಮೇಲೆ ಗೋಲಿಯಷ್ಟು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನನ್ನ ಬಾಯಿಗಿಟ್ಟಳು. “ಹಲ್ಲು ತಗಲಿಸ್ಬೇಡ. ನುಂಗು.” ಬೇರೆ ಸೀಮೆಯಿಂದ ಬಂದ ಸೊಸೆಗೆ ಹೇಳಿಕೊಡುವ ಹಾಗೆ ಹೇಳಿದಳು.

ಮೊನ್ನೆ ಟ್ಯೂಬಿಂಗನ್‌ಗೆ ಮರಳಿದೆ. ಪೆಟ್ಟಿಗೆ ಎಳೆದುಕೊಂಡು ಮೇಲೆ ಬಂದರೆ ಬಾಗಿಲಲ್ಲಿ ಹಲಗೆ. ನನ್ನ ಸರದಿ ನನಗೇ ಉಳಿಸಿದ್ದಾರೆಂದು ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ಸಂಕಟವೂ ಆಯಿತು. ಅರ್ಧ ಬಕೆಟ್ ನೀರಲ್ಲಿ ಮೆಟ್ಟಿಲೆಲ್ಲ ಒರೆಸಿ, ಅವ್ವ ಕಟ್ಟಿಕೊಟ್ಟ ಹಿಟ್ಟಿನಲ್ಲಿ ಮುದ್ದೆ ಮಾಡಿಕೊಂಡು ಕೂತೆ. ಮೊದಲ ತುತ್ತು ಹಲ್ಲಿಗೆ ತಗಲದೆ ಇಳಿಯಿತು. ಎರಡನೆಯದನ್ನು, ನನಗೆ ಗೊತ್ತಾಗುವ ಮುಂಚೆಯೇ, ಅಗಿದಿದ್ದೆ.